ಗಾಳಿಗಾಗಿ ಕಾಯಬೇಕಾದ ಬೆಂಕಿ: ಮೊದಲ ಪೀಳಿಗೆಯ ಜೆಟ್ ವಿಮಾನದಲ್ಲಿ ಇಂಧನ ಮತ್ತು ಎಂಜಿನ್ ನಿರ್ವಹಣೆ

ಬ್ರೇಟನ್ ಸೈಕಲ್‌ನ ಚಿತ್ರ ನಮಗೆಲ್ಲ ಬಾಯಿಪಾಠ. ನಾಲ್ಕು ಬಿಂದು, ನಾಲ್ಕು ಗೆರೆ. ಗಾಳಿಯನ್ನು ಒತ್ತು, ಬಿಸಿ ಮಾಡು, ಟರ್ಬೈನ್‌ನಲ್ಲಿ ಹಿಗ್ಗಿಸು, ಹೊರಗೆ ಬಿಡು. ಪರೀಕ್ಷೆಯಲ್ಲಿ ಹತ್ತು ಅಂಕ ಗ್ಯಾರಂಟಿ. ಆದರೆ ಆ ಚಿತ್ರದಲ್ಲಿ ಒಂದು ಮುಖ್ಯ ಸಂಗತಿ ಎಲ್ಲೂ ಕಾಣಿಸೋದಿಲ್ಲ. ಅದು ಸಮಯ. ಎಂಜಿನ್ ಒಂದೇ ಹದದಲ್ಲಿ ಓಡುತ್ತಿದೆ ಎಂದು ಮೊದಲೇ ಒಪ್ಪಿಕೊಂಡು ಬರೆದ ಚಿತ್ರ ಅದು. ಒಂದು ಹದದಿಂದ ಇನ್ನೊಂದು ಹದಕ್ಕೆ ಹೋಗುವಾಗ ಒಳಗೆ ಏನಾಗುತ್ತದೆ ಎಂದು ಅದು ಹೇಳೋದಿಲ್ಲ.

ಮೊದಲ ಜೆಟ್ ವಿಮಾನಗಳ ಪೈಲಟ್‌ಗಳಿಗೆ ಅಪಾಯ ಕಾದಿದ್ದದ್ದು ಸರಿಯಾಗಿ ಈ ನಡುವಿನ ಕೆಲವು ಸೆಕೆಂಡುಗಳಲ್ಲಿ. ಈ ಲೇಖನದಲ್ಲಿ ನಾವು ಒಂದೇ ಒಂದು ವಿಮಾನವನ್ನು ಎತ್ತಿಕೊಂಡು, ಅದರ ಇಂಧನ ಹಾಗೂ ಎಂಜಿನ್ ವ್ಯವಸ್ಥೆಯನ್ನು ಪೈಲಟ್ ಹೇಗೆ ಸಂಭಾಳಿಸಬೇಕಿತ್ತು ಎಂದು ನೋಡೋಣ. ನಡುವೆ ಒಂದೆರಡು ಲೆಕ್ಕವನ್ನೂ ಮಾಡೋಣ. ಕ್ಯಾಲ್ಕುಲೇಟರ್ ಸಾಕು, ದೊಡ್ಡ ಸಮೀಕರಣ ಯಾವುದೂ ಬೇಡ.

ವಿಮಾನ ಮತ್ತು ಎಂಜಿನ್

ನಾವು ಆರಿಸಿಕೊಂಡದ್ದು ಜರ್ಮನಿಯ ಮೆಸರ್‌ಶ್ಮಿಟ್ 262. 1942ರ ಜುಲೈ 18ರಂದು ಲೈಪ್‌ಹೈಮ್‌ನಲ್ಲಿ ಫ್ರಿಟ್ಜ್ ವೆಂಡೆಲ್ ಅದನ್ನು ಮೊದಲ ಬಾರಿಗೆ ಬರೀ ಜೆಟ್ ಎಂಜಿನ್‌ಗಳ ಬಲದಿಂದ ಹಾರಿಸಿದರು. ರೆಕ್ಕೆಗಳ ಕೆಳಗೆ ಒಂದೊಂದು ಯುಂಕರ್ಸ್ ಯೂಮೋ 004 ಎಂಜಿನ್. ಅದರ ವಿನ್ಯಾಸಕಾರರ ತಂಡದ ಮುಖ್ಯಸ್ಥ ಆನ್ಸೆಲ್ಮ್ ಫ್ರಾನ್ಜ್.

ಯುದ್ಧದಲ್ಲಿ ಬಳಕೆಗೆ ಬಂದ 004 ಬಿ ಮಾದರಿಯ ಅಂಕಿಗಳು ಹೀಗಿವೆ: ಎಂಟು ಹಂತದ ಆಕ್ಸಿಯಲ್ ಕಂಪ್ರೆಸರ್, ಸುತ್ತಲೂ ಜೋಡಿಸಿದ ಆರು ದಹನ ಕೋಣೆಗಳು, ಒಂದೇ ಹಂತದ ಟರ್ಬೈನ್. ಒತ್ತಡದ ಅನುಪಾತ ಸುಮಾರು 3.1. ಪ್ರತಿ ಸೆಕೆಂಡಿಗೆ ನುಂಗುವ ಗಾಳಿ ಸುಮಾರು 21 ಕೆ.ಜಿ. ತಳ್ಳುವ ಬಲ ಸುಮಾರು 900 ಕೆ.ಜಿ. ಗರಿಷ್ಠ ವೇಗ ನಿಮಿಷಕ್ಕೆ 8,700 ಸುತ್ತು. ಟರ್ಬೈನ್‌ಗೆ ನುಗ್ಗುವ ಅನಿಲದ ಉಷ್ಣತೆ ಸುಮಾರು 775 ಡಿಗ್ರಿ ಸೆಲ್ಸಿಯಸ್. ಈ ಅಂಕಿಗಳನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಇಂಧನ ಬೇಗ, ಗಾಳಿ ನಿಧಾನ

ಕಾರಿನ ಆಕ್ಸಿಲರೇಟರ್ ಒತ್ತಿದರೆ ಪೆಟ್ರೋಲ್ ಎಂಜಿನ್‌ನಲ್ಲಿ ಏನಾಗುತ್ತದೆ? ಗಾಳಿಯ ಬಾಗಿಲು ತೆರೆದುಕೊಳ್ಳುತ್ತದೆ. ಬಂದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಹಿಂದೆಯೇ ಬರುತ್ತದೆ. ಅಂದ್ರೆ ಗಾಳಿ ಯಜಮಾನ, ಇಂಧನ ಆಳು.

ಜೆಟ್ ಎಂಜಿನ್‌ನಲ್ಲಿ ಇದು ತಿರುವುಮುರುವು. ಥ್ರಾಟಲ್ ತಳ್ಳಿದರೆ ಬದಲಾಗುವುದು ಇಂಧನ ಮಾತ್ರ. ಪಂಪು ಆ ಕ್ಷಣದಲ್ಲೇ ಹೆಚ್ಚು ಇಂಧನವನ್ನು ಒಳಗೆ ತಳ್ಳುತ್ತದೆ. ಆದರೆ ಹೆಚ್ಚು ಗಾಳಿ ಬರಬೇಕಾದರೆ ಕಂಪ್ರೆಸರ್ ಜೋರಾಗಿ ತಿರುಗಬೇಕು. ಕಂಪ್ರೆಸರ್ ಜೋರಾಗಿ ತಿರುಗಬೇಕಾದರೆ ಅದೇ ಶಾಫ್ಟ್‌ನಲ್ಲಿರುವ ಟರ್ಬೈನ್‌ಗೆ ಹೆಚ್ಚು ಶಕ್ತಿ ಸಿಗಬೇಕು. ಇವೆರಡೂ ಸೇರಿ ಭಾರವಾದ ಚಕ್ರ. ಅದರ ಜಡತ್ವ ಮೀರಿ ವೇಗ ಏರಲು ಸಮಯ ಹಿಡಿಯುತ್ತದೆ. ಇಂಧನ ಕ್ಷಣದಲ್ಲಿ ಬರುತ್ತದೆ, ಗಾಳಿ ಸೆಕೆಂಡುಗಟ್ಟಲೆ ತಡವಾಗಿ ಬರುತ್ತದೆ. ಆ ನಡುವಿನ ಅಂತರದಲ್ಲೇ ಎಲ್ಲ ತಾಪತ್ರಯ.

ಗಾಳಿ ಬಂದಾಗ ತೂರಿಕೋ ಅಂತ ನಮ್ಮ ಹಿರಿಯರು ಹೇಳ್ತಾರಲ್ಲ, ಜೆಟ್ ಪೈಲಟ್‌ನ ಮೊದಲ ಪಾಠವೂ ಅದೇ. ಗಾಳಿ ಬರುವ ಮೊದಲೇ ತೂರಿದರೆ ಕಾಳೂ ಹೋಯಿತು, ಹೊಟ್ಟೂ ಹೋಯಿತು.

ಲೆಕ್ಕ ಹಾಕಿ ನೋಡೋಣ

ಯೂಮೋ 004 ಒಂದು ಕೆ.ಜಿ. ಬಲಕ್ಕೆ ಗಂಟೆಗೆ ಸುಮಾರು 1.4 ಕೆ.ಜಿ. ಇಂಧನ ಕುಡಿಯುತ್ತಿತ್ತು. 900 ಕೆ.ಜಿ. ಬಲಕ್ಕೆ ಗಂಟೆಗೆ 1,260 ಕೆ.ಜಿ., ಅಂದರೆ ಸೆಕೆಂಡಿಗೆ 0.35 ಕೆ.ಜಿ. ಗಾಳಿ ಸೆಕೆಂಡಿಗೆ 21 ಕೆ.ಜಿ. ಹಾಗಾಗಿ ಗಾಳಿ ಮತ್ತು ಇಂಧನದ ಅನುಪಾತ 60ಕ್ಕೆ 1. ಇಂಧನ ಪೂರ್ತಿ ಉರಿಯಲು ಸುಮಾರು 15ಕ್ಕೆ 1 ಸಾಕು. ಉಳಿದ ಮುಕ್ಕಾಲು ಪಾಲು ಗಾಳಿ ಯಾಕೆ? ಬೆಂಕಿಯನ್ನು ತಣಿಸಲು. ಅದಿಲ್ಲದೆ ಹೋದರೆ ಟರ್ಬೈನ್ ಉಳಿಯೋದಿಲ್ಲ.

ಈಗ ಉಷ್ಣತೆ. ಒಂದು ಕೆ.ಜಿ. ಇಂಧನದಲ್ಲಿ ಸುಮಾರು 43 ಮೆಗಾಜೂಲ್ ಶಕ್ತಿ. 0.35 ಕೆ.ಜಿ.ಗೆ ಸೆಕೆಂಡಿಗೆ 15 ಮೆಗಾಜೂಲ್. 21 ಕೆ.ಜಿ. ಬಿಸಿಗಾಳಿಯನ್ನು ಒಂದು ಡಿಗ್ರಿ ಏರಿಸಲು ಬೇಕಾದ್ದು ಸುಮಾರು 23 ಕಿಲೋಜೂಲ್. ಭಾಗಿಸಿದರೆ 650 ಡಿಗ್ರಿ. ದಹನದ ದಕ್ಷತೆ ಶೇ. 95 ಎಂದು ಹಿಡಿದರೆ 620 ಡಿಗ್ರಿ. ಕಂಪ್ರೆಸರ್‌ನಿಂದ ಹೊರಬರುವಾಗಲೇ ಗಾಳಿ ಸುಮಾರು 155 ಡಿಗ್ರಿ ಕಾದಿರುತ್ತದೆ. ಎರಡನ್ನೂ ಕೂಡಿಸಿ: 775. ನಾವು ಆಗಲೇ ಬರೆದಿಟ್ಟುಕೊಂಡ ಅಂಕಿಗೇ ಬಂದು ನಿಂತೆವು. ಪುಸ್ತಕದ ಸೂತ್ರ ಇಷ್ಟು ಚೆನ್ನಾಗಿ ನಿಜವಾದ ಎಂಜಿನ್‌ಗೆ ಕೂಡಿಬಂದಾಗ ಖುಷಿಯಾಗುತ್ತದೆ.

ಆದರೆ ಖುಷಿ ಪಡುವ ಮುನ್ನ ಇನ್ನೊಂದು ಸಾಲು ಬರೆಯೋಣ. ಅದೇ 21 ಕೆ.ಜಿ. ಗಾಳಿ ಇರುವಾಗಲೇ ಯಾರೋ ಇಂಧನವನ್ನು ಕಾಲುಭಾಗ ಹೆಚ್ಚಿಸಿದರು ಎಂದಿಟ್ಟುಕೊಳ್ಳಿ. 620ರ ಜಾಗದಲ್ಲಿ 775 ಡಿಗ್ರಿ ಏರಿಕೆ. ಟರ್ಬೈನ್ ಬಾಗಿಲಲ್ಲಿ 930 ಡಿಗ್ರಿ. ಥ್ರಾಟಲ್ ಸರಿದದ್ದು ಬೆರಳಗಲ ಇರಬಹುದು. ಉಷ್ಣತೆ ಏರಿದ್ದು ನೂರೈವತ್ತು ಡಿಗ್ರಿಗೂ ಹೆಚ್ಚು. ಆ ಬಿಸಿಗೆ ಲೋಹ ಕೂಡಲೇ ಕರಗದಿದ್ದರೂ ಎಳೆದ ರಬ್ಬರಿನಂತೆ ನಿಧಾನವಾಗಿ ಉದ್ದವಾಗುತ್ತದೆ. ನಮ್ಮ ಮೆಟೀರಿಯಲ್ ಸೈನ್ಸ್ ಪಾಠದಲ್ಲಿ ಬರುವ ಕ್ರೀಪ್ ಅಂದ್ರೆ ಇದೇ.

ಹೆಚ್ಚಿನ ಇಂಧನದಿಂದ ಇನ್ನೊಂದು ಅಪಾಯವೂ ಇದೆ. ದಹನ ಕೋಣೆಯ ಒತ್ತಡ ತಟ್ಟನೆ ಏರಿದಾಗ ಕಂಪ್ರೆಸರ್ ಅದರ ವಿರುದ್ಧ ಗಾಳಿಯನ್ನು ತಳ್ಳಲಾರದೆ ಸೋಲುತ್ತದೆ. ಅದರ ಒಂದೊಂದು ಬ್ಲೇಡೂ ಒಂದೊಂದು ಪುಟ್ಟ ರೆಕ್ಕೆ. ರೆಕ್ಕೆ ಸ್ಟಾಲ್ ಆಗುವ ಹಾಗೆ ಇವೂ ಸ್ಟಾಲ್ ಆಗುತ್ತವೆ. ಗಾಳಿ ಹಿಮ್ಮುಖವಾಗಿ ನುಗ್ಗುತ್ತದೆ. ಇದಕ್ಕೆ ಸರ್ಜ್ ಎನ್ನುತ್ತಾರೆ. ಬೆಂಕಿ ಆರಿಹೋಗಬಹುದು, ಬ್ಲೇಡ್ ಮುರಿಯಲೂಬಹುದು.

ಥ್ರಾಟಲನ್ನು ಪಟ್ಟನೆ ಹಿಂದಕ್ಕೆ ಎಳೆದರೆ? ಆಗ ಉಲ್ಟಾ. ಚಕ್ರ ಇನ್ನೂ ಜೋರಾಗಿ ತಿರುಗುತ್ತಲೇ ಇದೆ, ಗಾಳಿ ಧಾರಾಳ, ಇಂಧನ ಮಾತ್ರ ತೊಟ್ಟು. ದೀಪವನ್ನು ಉಫ್ ಎಂದು ಊದಿದ ಹಾಗೆ ಜ್ವಾಲೆ ಆರುತ್ತದೆ. ಇದು ಫ್ಲೇಮ್‌ಔಟ್. ಅಂದ್ರೆ ಮುಂದಕ್ಕೆ ಅವಸರ ಮಾಡಿದರೆ ಸುಡುತ್ತದೆ, ಹಿಂದಕ್ಕೆ ಅವಸರ ಮಾಡಿದರೆ ಆರುತ್ತದೆ.

ಹೊತ್ತಿಸುವ ಕೆಲಸ

ಮನೆಯಲ್ಲಿ ಹಳೆಯ ಸೀಮೆಎಣ್ಣೆ ಪಂಪ್ ಸ್ಟೌವ್ ಹೊತ್ತಿಸುವುದನ್ನು ನೋಡಿದವರಿಗೆ ಈ ಭಾಗ ಸುಲಭ. ನೇರವಾಗಿ ಸೀಮೆಎಣ್ಣೆ ಬಿಟ್ಟು ಕಡ್ಡಿ ಗೀರಿದರೆ ಹಳದಿ ಜ್ವಾಲೆ ಭಗ್ಗೆಂದು ಏಳುತ್ತದೆ, ಅಡುಗೆಮನೆ ತುಂಬ ಮಸಿ. ಮೊದಲು ಬಟ್ಟಲಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಬರ್ನರ್ ಕಾಯಿಸಬೇಕು, ಆಮೇಲೆ ಪಂಪ್ ಹೊಡೆಯಬೇಕು.

ಯೂಮೋ 004ರಲ್ಲೂ ಹೀಗೇ. ಮುಖ್ಯ ಇಂಧನ ಜೆ2, ಡೀಸೆಲ್ಲಿನ ಜಾತಿಯದು. ಜೆಟ್‌ನಲ್ಲಿ ಜ್ವಾಲೆ ಒಂದೇ ಸಮ ಉರಿಯುತ್ತಿರುತ್ತದೆ, ನಾಕಿಂಗ್ ಪ್ರಶ್ನೆಯೇ ಇಲ್ಲ. ಹಾಗಾಗಿ ದುಬಾರಿ ಹೈ ಆಕ್ಟೇನ್ ಪೆಟ್ರೋಲ್ ಬೇಕಿಲ್ಲ. ಪೆಟ್ರೋಲ್‌ಗೆ ಪರದಾಡುತ್ತಿದ್ದ ಜರ್ಮನಿಗೆ ಇದು ದೊಡ್ಡ ಅನುಕೂಲವಾಗಿತ್ತು. ಆದರೆ ತಣ್ಣಗಿನ ಎಂಜಿನ್‌ನಲ್ಲಿ ಜೆ2 ಸುಲಭವಾಗಿ ಹೊತ್ತಿಕೊಳ್ಳದು. ಅದಕ್ಕೆ ಮೊದಲು ಪೆಟ್ರೋಲ್.

ಕ್ರಮ ಹೀಗಿತ್ತು. ಎಂಜಿನ್‌ನ ಮೂತಿಯೊಳಗೆ ರೀಡೆಲ್ ಎಂಬ ಪುಟ್ಟ ಎರಡು ಸಿಲಿಂಡರ್‌ಗಳ ಟೂ ಸ್ಟ್ರೋಕ್ ಎಂಜಿನ್ ಕೂತಿತ್ತು. ಶಕ್ತಿ ಸುಮಾರು 10 ಅಶ್ವಶಕ್ತಿ, ನಮ್ಮ ಬೈಕಿನಷ್ಟೇ. ಅದನ್ನು ವಿದ್ಯುತ್ತಿನಿಂದ ಚಾಲೂ ಮಾಡಬಹುದಿತ್ತು. ಅದು ಕೈಕೊಟ್ಟರೆ ಮೂತಿಯಲ್ಲಿದ್ದ ಹಿಡಿಯನ್ನು ಮೆಕ್ಯಾನಿಕ್ ಎಳೆಯಬೇಕು, ಅಂಗಡಿ ಮುಂದಿನ ಜನರೇಟರ್‌ಗೆ ಹಗ್ಗ ಎಳೆಯುವ ಹಾಗೆ. ರೀಡೆಲ್ ಕಂಪ್ರೆಸರನ್ನು ತಿರುಗಿಸುತ್ತದೆ. ನಿಮಿಷಕ್ಕೆ ಸುಮಾರು 800 ಸುತ್ತು ಬಂದಾಗ ಪೈಲಟ್ ಕಿಡಿ ಹಾಗೂ ಪೆಟ್ರೋಲ್ ಕೊಡುತ್ತಾನೆ. ಸುಮಾರು 2,000 ಸುತ್ತಿಗೆ ಬಂದ ಮೇಲೆ ಜೆ2 ಒಳಗೆ ಬರುತ್ತದೆ, ರೀಡೆಲ್ ಬಿಡುವು ಪಡೆಯುತ್ತದೆ. ಸುಮಾರು 3,000 ಸುತ್ತಿಗೆ ಎಂಜಿನ್ ತನ್ನಷ್ಟಕ್ಕೆ ತಾನೇ ಓಡತೊಡಗುತ್ತದೆ. ಇಷ್ಟಾಗಿ ಒಂದು ಎಂಜಿನ್ ಆಯ್ತು, ಇನ್ನೊಂದಕ್ಕೂ ಇದೇ ಪೂಜೆ.

ಒಂದು ಹಂತವನ್ನು ಹಾರಿಸಿದರೆ ಏನಾಗುತ್ತದೆ? ಕಿಡಿ ಹತ್ತದೆ ಇಂಧನ ಮಾತ್ರ ಬಂದರೆ ಅದು ಒಳಗೆ ನಿಂತುಕೊಳ್ಳುತ್ತದೆ. ಮುಂದಿನ ಪ್ರಯತ್ನದಲ್ಲಿ ಹತ್ತಿಕೊಂಡಾಗ ಆ ನಿಂತ ಇಂಧನವೂ ಉರಿಯುತ್ತದೆ, ಅದಕ್ಕೆ ಯಾವ ವಾಲ್ವಿನ ಅಂಕೆಯೂ ಇಲ್ಲ. ಇದನ್ನು ಮೊದಲು ಅನುಭವಿಸಿದವರು ಇಂಗ್ಲೆಂಡಿನ ಫ್ರಾಂಕ್ ವಿಟ್ಲ್. 1937ರ ಏಪ್ರಿಲ್ 12ರಂದು ರಗ್ಬಿಯಲ್ಲಿ ತಮ್ಮ ಮೊದಲ ಎಂಜಿನ್ ಓಡಿಸಿದಾಗ, ಇಂಧನದ ವಾಲ್ವ್ ಮುಚ್ಚಿದ ಮೇಲೂ ಎಂಜಿನ್ ಕಿರುಚುತ್ತ ವೇಗ ಏರಿಸುತ್ತಲೇ ಹೋಯಿತು. ಸುತ್ತ ಇದ್ದವರು ಓಡಿದರು. ಹೊತ್ತಿಸುವ ಮುನ್ನವೇ ಸೋರಿ ದಹನ ಕೋಣೆಯ ತಳದಲ್ಲಿ ನಿಂತಿದ್ದ ಇಂಧನವೇ ಕಾರಣ. ಪರಿಹಾರ ತೀರಾ ಸರಳ: ನಿಂತ ಇಂಧನ ಹೊರಹೋಗಲು ಒಂದು ಡ್ರೈನ್. ಇವತ್ತಿನ ಜೆಟ್ ಎಂಜಿನ್‌ಗಳಲ್ಲೂ ಆ ಡ್ರೈನ್ ಇದೆ.

ಥ್ರಾಟಲ್, ಗವರ್ನರ್ ಮತ್ತು ಒಂದು ಈರುಳ್ಳಿ

ಯೂಮೋ 004ರಲ್ಲಿ ವೇಗದ ಗವರ್ನರ್ ಇತ್ತು. ಆದರೆ ಅದು ಕೆಲಸಕ್ಕೆ ಬರುತ್ತಿದ್ದುದು ಸುಮಾರು 6,000 ಸುತ್ತಿನ ಮೇಲೆ. ಅಲ್ಲಿಂದ ಮೇಲಕ್ಕೆ ಥ್ರಾಟಲನ್ನು ತುಸು ಧೈರ್ಯದಿಂದ ಸರಿಸಬಹುದಿತ್ತು. ಅದರ ಕೆಳಗೆ ಇಂಧನಕ್ಕೂ ಬೆಂಕಿಗೂ ನಡುವೆ ಇದ್ದದ್ದು ಪೈಲಟ್‌ನ ಎಡಗೈ ಮಾತ್ರ. ಇವತ್ತು ಕಂಪ್ಯೂಟರ್ ಮಾಡುವ ಕೆಲಸವನ್ನು ಆಗ ಮಣಿಕಟ್ಟು ಮಾಡಬೇಕಿತ್ತು. ಕಣ್ಣು ಆರ್‌ಪಿಎಂ ಮೀಟರ್ ಮೇಲೆ, ಇನ್ನೊಂದು ನೋಟ ಹಿಂದಿನ ಅನಿಲದ ಉಷ್ಣತೆಯ ಮೀಟರ್ ಮೇಲೆ. ಮುಳ್ಳು ಏರಿದ ಹಾಗೆ ಕೈ ಮುಂದೆ ಹೋಗಬೇಕು, ಕೈ ಮೊದಲು ಹೋಗಿ ಮುಳ್ಳು ಆಮೇಲೆ ಬರಬಾರದು.

ಕಡಿಮೆ ವೇಗದಲ್ಲೇ ಯಾಕೆ ಇಷ್ಟು ಕಷ್ಟ? ಕಂಪ್ರೆಸರ್ ಏರಿಸುವ ಒತ್ತಡ ಹೆಚ್ಚುಕಮ್ಮಿ ವೇಗದ ವರ್ಗಕ್ಕೆ ತಕ್ಕ ಹಾಗೆ ಬದಲಾಗುತ್ತದೆ. 3,000 ಎಂದರೆ 8,700ರ ಮೂರನೇ ಒಂದಕ್ಕಿಂತ ತುಸು ಹೆಚ್ಚು. ವರ್ಗ ಮಾಡಿದರೆ ಸುಮಾರು ಎಂಟನೇ ಒಂದು ಪಾಲು. ಅಷ್ಟು ಕಡಿಮೆ ಒತ್ತಡದಲ್ಲಿ ಟರ್ಬೈನ್‌ಗೆ ಸಿಗುವ ಶಕ್ತಿ ಕಂಪ್ರೆಸರನ್ನು ತಿರುಗಿಸಲು ಹೇಗೋ ಸಾಕಾಗುತ್ತದೆ. ವೇಗ ಏರಿಸಲು ಉಳಿಯುವ ಶಕ್ತಿ ಬಹಳ ಕಡಿಮೆ. ಹಾಗಾಗಿ ಎಂಜಿನ್ ತಳದಲ್ಲಿ ತೆವಳುತ್ತದೆ, ಮೇಲೆ ಹೋದ ಹಾಗೆ ಚುರುಕಾಗುತ್ತದೆ.

ಇದಕ್ಕೆ ನೆರವಾಗಲು ಎಂಜಿನ್‌ನ ಬಾಲದಲ್ಲಿ ಹಿಂದೆಮುಂದೆ ಸರಿಯುವ ಒಂದು ಕೋನ್ ಇಟ್ಟಿದ್ದರು. ಅದರ ಆಕಾರ ನೋಡಿ ಜರ್ಮನ್ನರು ಇಟ್ಟ ಹೆಸರು ಈರುಳ್ಳಿ. ಅದು ಸರಿದಂತೆ ಬಿಸಿ ಅನಿಲ ಹೊರಹೋಗುವ ದಾರಿ ಅಗಲ ಅಥವಾ ಕಿರಿದಾಗುತ್ತಿತ್ತು. ಹೊತ್ತಿಸುವಾಗ ದಾರಿ ಅಗಲ: ಅನಿಲ ಸಲೀಸಾಗಿ ಹೊರಗೆ ಹೋಗುತ್ತದೆ, ಟರ್ಬೈನ್ ಕಾಯುವುದು ಕಡಿಮೆ. ಪೂರ್ಣ ಶಕ್ತಿಗೆ ದಾರಿ ಕಿರಿದು: ಅನಿಲ ರಭಸವಾಗಿ ಹೊರಗೆ ಚಿಮ್ಮುತ್ತದೆ, ತಳ್ಳುವ ಬಲ ಹೆಚ್ಚು. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಇಡುತ್ತೀವಲ್ಲ, ಅದೇ ಉಪಾಯ.

8,700 ಎಲ್ಲಿಂದ ಬಂತು?

ಮೀಟರಿನ ಮೇಲಿನ ಕೆಂಪು ಗೆರೆ ಯಾರೋ ಸುಮ್ಮನೆ ಎಳೆದದ್ದಲ್ಲ. 1943ರಲ್ಲಿ ಯೂಮೋ 004ರ ಟರ್ಬೈನ್ ಬ್ಲೇಡ್‌ಗಳು ಮುರಿಯತೊಡಗಿದವು. ಕಾರಣ ಕಂಪನ. ದಹನ ಕೋಣೆಗಳು ಆರು. ಬ್ಲೇಡ್ ಒಂದು ಸುತ್ತು ಬರುವಷ್ಟರಲ್ಲಿ ಆರು ಬಾರಿ ಬಿಸಿ ಅನಿಲದ ಹೊಡೆತ ತಿನ್ನುತ್ತದೆ. ನಿಮಿಷಕ್ಕೆ 9,000 ಸುತ್ತು ಅಂದರೆ ಸೆಕೆಂಡಿಗೆ 150. ಆರರಿಂದ ಗುಣಿಸಿ: ಸೆಕೆಂಡಿಗೆ 900 ಹೊಡೆತ. ಬ್ಲೇಡ್‌ನ ಸಹಜ ಕಂಪನದ ಸಂಖ್ಯೆ ಅದರ ಹತ್ತಿರವಿದ್ದರೆ ಅನುರಣನ ಖಚಿತ. ಟರ್ಬೈನ್ ಹಿಂದಿದ್ದ ಮೂರು ಆಧಾರ ಕಂಬಗಳೂ ಇದಕ್ಕೆ ಕೈ ಜೋಡಿಸಿದ್ದವು.

ಪ್ರತಿ ಬ್ಲೇಡ್‌ನ ಸಹಜ ಕಂಪನ ಎಷ್ಟು ಎಂದು ತಿಳಿಯಲು ಆ ತಂಡ ಮಾಡಿದ್ದೇನು ಗೊತ್ತೇ? ಸ್ವರಜ್ಞಾನ ಚೆನ್ನಾಗಿದ್ದ ಒಬ್ಬ ಸಂಗೀತಗಾರನನ್ನು ಕರೆಸಿ, ಪಿಟೀಲಿನ ಕಮಾನಿನಿಂದ ಬ್ಲೇಡ್‌ಗಳನ್ನು ಉಜ್ಜಿಸಿ, ಹೊರಡುವ ನಾದದಿಂದ ಕಂಪನದ ಸಂಖ್ಯೆ ಗುರುತಿಸಿದರು. ನಂತರ ಬ್ಲೇಡನ್ನು ಒಂದು ಮಿಲಿಮೀಟರ್ ಗಿಡ್ಡ ಮಾಡಿದರು, ತುದಿಯ ಕಡೆಗೆ ಹೆಚ್ಚು ತೆಳುವಾಗಿಸಿ ಅದರ ಸಹಜ ಕಂಪನವನ್ನು ಮೇಲಕ್ಕೇರಿಸಿದರು, ಎಂಜಿನ್‌ನ ಗರಿಷ್ಠ ವೇಗವನ್ನು 9,000ದಿಂದ 8,700ಕ್ಕೆ ಇಳಿಸಿದರು. ಹೊಡೆತಗಳು 900ರಿಂದ 870ಕ್ಕೆ ಇಳಿದವು. ಪೈಲಟ್‌ಗೆ ಕೊಟ್ಟ ಕಾಗದದಲ್ಲಿ ಇರುತ್ತಿದ್ದದ್ದು ‘8,700 ಮೀರಬೇಡ’ ಎಂಬರ್ಥದ ಒಂದು ಅಂಕಿ ಮಾತ್ರ. ಅದರ ಹಿಂದೆ ಇಷ್ಟು ಕಥೆ.

ಲೋಹದ ಬಡತನ

ಯೂಮೋ 004ರ ದೊಡ್ಡ ಕೊರತೆ ಅದರ ವಿನ್ಯಾಸದಲ್ಲಿ ಇರಲಿಲ್ಲ, ಲೋಹದಲ್ಲಿತ್ತು. ಬಿಸಿ ತಡೆಯುವ ಮಿಶ್ರಲೋಹಕ್ಕೆ ನಿಕ್ಕಲ್, ಕ್ರೋಮಿಯಂ, ಕೋಬಾಲ್ಟ್ ಬೇಕು. ಯುದ್ಧಕಾಲದ ಜರ್ಮನಿಯಲ್ಲಿ ಇವು ಚಿನ್ನದಷ್ಟು ಅಪರೂಪ. ಹಾಗಾಗಿ ದಹನ ಕೋಣೆಗಳನ್ನು ಸಾದಾ ಉಕ್ಕಿನಲ್ಲಿ ಮಾಡಿ ಮೇಲೆ ಅಲ್ಯೂಮಿನಿಯಂ ಲೇಪ ಕೊಟ್ಟರು. ಟರ್ಬೈನ್ ಬ್ಲೇಡ್‌ಗಳನ್ನು ಟೊಳ್ಳಾಗಿಸಿ ಒಳಗೆ ತಂಪು ಗಾಳಿ ಹರಿಸಿದರು. ಜಾಣತನದ ಕೆಲಸವೇ ಸರಿ, ಆದರೂ ಎಂಜಿನ್‌ನ ಆಯಸ್ಸು 10ರಿಂದ 25 ಗಂಟೆ ಮಾತ್ರ. ಅದೇ ಕಾಲದಲ್ಲಿ ಬ್ರಿಟನ್ನಿನ ಗ್ಲಾಸ್ಟರ್ ಮಿಟಿಯರ್ ವಿಮಾನದ ವೆಲ್ಲಂಡ್ ಎಂಜಿನ್‌ಗೆ ಓವರ್‌ಹಾಲ್ ನಡುವಿನ ಅವಧಿ 180 ಗಂಟೆ.

ಈ 10ಕ್ಕೂ 25ಕ್ಕೂ ನಡುವಿನ ವ್ಯತ್ಯಾಸವನ್ನು ಗಮನಿಸಿ. ಅದರಲ್ಲಿ ದೊಡ್ಡ ಪಾಲು ಪೈಲಟ್‌ನ ಕೈಯದು. ಮೆಲ್ಲಗೆ ಥ್ರಾಟಲ್ ನಡೆಸಿದವನ ಎಂಜಿನ್ 25 ಗಂಟೆಯತ್ತ ಹೋಗುತ್ತಿತ್ತು, ಒರಟಾಗಿ ನಡೆಸಿದವನದು 10ಕ್ಕೇ ಮುಗಿಯುತ್ತಿತ್ತು. ಯುದ್ಧದ ಕೊನೆಗೆ ತರಬೇತಿಗೆ ಸಮಯವಾಗಲೀ ಇಂಧನವಾಗಲೀ ಇರಲಿಲ್ಲ. ಹೆಚ್ಚು ತಾಳ್ಮೆ ಬೇಡುವ ಯಂತ್ರ ಕಡಿಮೆ ಅನುಭವ ಇರುವವರ ಕೈಗೆ ಬಂತು.

ಇಲ್ಲಿ ಇನ್ನೊಂದು ಮಾತನ್ನು ಬಿಡುವ ಹಾಗಿಲ್ಲ. ಈ ವಿಮಾನ ಮತ್ತು ಎಂಜಿನ್‌ಗಳ ತಯಾರಿಕೆಯಲ್ಲಿ ನಾಜಿಗಳ ಸೆರೆಶಿಬಿರದ ಕೈದಿಗಳನ್ನು ನೆಲದಡಿಯ ಸುರಂಗಗಳಲ್ಲಿ ದುಡಿಸಿಕೊಂಡರು. ಸಾವಿರಾರು ಮಂದಿ ಆ ಶಿಬಿರಗಳಲ್ಲಿ ಸತ್ತರು. ಎಂಜಿನಿಯರಿಂಗ್ ಚರಿತ್ರೆ ಓದುವಾಗ ಅಂಕಿಗಳ ಜೊತೆ ಇದನ್ನೂ ಓದಬೇಕು ಎನ್ನುವುದು ನಮ್ಮ ಅಭಿಪ್ರಾಯ.

ಟ್ಯಾಂಕುಗಳ ತಕ್ಕಡಿ

ಈಗ ಇಂಧನದ ದಾಸ್ತಾನಿಗೆ ಬರೋಣ. ಪೈಲಟ್‌ನ ಮುಂದೆ 900 ಲೀಟರಿನ ಒಂದು ಮುಖ್ಯ ಟ್ಯಾಂಕ್, ಹಿಂದೆ 900 ಲೀಟರಿನ ಇನ್ನೊಂದು. ಆಸನದ ಕೆಳಗೆ 170 ಲೀಟರ್. ಬಾಲದ ಕಡೆಗೆ 600 ಲೀಟರಿನ ಹೆಚ್ಚುವರಿ ಟ್ಯಾಂಕ್. ಒಟ್ಟು 2,570 ಲೀಟರ್.

ಎರಡು ಎಂಜಿನ್‌ಗಳು ನೆಲಮಟ್ಟದಲ್ಲಿ ಪೂರ್ಣ ಶಕ್ತಿಯಲ್ಲಿ ಗಂಟೆಗೆ 2,520 ಕೆ.ಜಿ. ಸುಡುತ್ತವೆ. ಲೀಟರಿಗೆ 0.83 ಕೆ.ಜಿ. ಎಂದು ಹಿಡಿದರೆ ನಿಮಿಷಕ್ಕೆ ಸುಮಾರು 50 ಲೀಟರ್. ಒಂದು ಕಾರಿನ ಟ್ಯಾಂಕು ಒಂದು ನಿಮಿಷಕ್ಕೆ ಖಾಲಿ! ಎರಡು ಮುಖ್ಯ ಟ್ಯಾಂಕುಗಳ 1,800 ಲೀಟರ್ 36 ನಿಮಿಷಕ್ಕೆ ಮುಗಿಯುತ್ತದೆ. ಎತ್ತರಕ್ಕೆ ಹೋದರೆ ಗಾಳಿ ತೆಳು, ಬಳಕೆಯೂ ಕಡಿಮೆ, ಹಾಗಾಗಿ ಒಂದು ಗಂಟೆಯ ಮೇಲೂ ಹಾರಬಹುದಿತ್ತು. ಆದರೆ ನೆಲದ ಮೇಲೆ ಎಂಜಿನ್ ಓಡಿಸುತ್ತ ನಿಲ್ಲುವುದು ದುಂದು. ಅದಕ್ಕೇ ಅರ್ಧ ಬೈಕು ಅರ್ಧ ಟ್ರ್ಯಾಕ್ಟರಿನಂತಿದ್ದ ಕೆಟ್ಟೆನ್‌ಕ್ರಾಡ್ ಎಂಬ ಗಾಡಿಯಿಂದ ವಿಮಾನವನ್ನು ರನ್‌ವೇವರೆಗೆ ಎಳೆದುಕೊಂಡು ಹೋಗುತ್ತಿದ್ದರು.

ಇಂಧನ ಎಷ್ಟಿದೆ ಎಂಬುದರ ಜೊತೆಗೆ ಎಲ್ಲಿದೆ ಎಂಬುದೂ ಮುಖ್ಯ. ಬಾಲದ 600 ಲೀಟರ್ ಅಂದರೆ ಸುಮಾರು 500 ಕೆ.ಜಿ. ಬಾಂಬ್ ಹೊರುವ ಮಾದರಿಯಲ್ಲಿ ಮೂತಿಯ ಕೆಳಗೆ 250 ಕೆ.ಜಿ.ಯ ಎರಡು ಬಾಂಬ್, ಅದೂ 500 ಕೆ.ಜಿ. ತಕ್ಕಡಿಯ ಎರಡು ತಟ್ಟೆ ಸಮ. ಆದರೆ ಹಿಂದಿನ ಟ್ಯಾಂಕ್ ತುಂಬಿರುವಾಗಲೇ ಬಾಂಬ್ ಬಿಟ್ಟರೆ? ಮುಂದಿನ ತಟ್ಟೆ ಖಾಲಿ. ವಿಮಾನದ ಬಾಲ ಕುಸಿದು ಮೂತಿ ಥಟ್ಟನೆ ಮೇಲೇಳುತ್ತದೆ, ಪೈಲಟ್ ಕೋಲನ್ನು ಪೂರ್ತಿ ಮುಂದೆ ತಳ್ಳಿದರೂ ಹಿಡಿತಕ್ಕೆ ಸಿಗದೆ ಹೋಗಬಹುದು. ಅದಕ್ಕೆ ನಿಯಮ: ಹಿಂದಿನ ಟ್ಯಾಂಕಿನ ಇಂಧನವನ್ನು ಮೊದಲೇ ಮುಖ್ಯ ಟ್ಯಾಂಕುಗಳಿಗೆ ಪಂಪ್ ಮಾಡಿ ಖರ್ಚು ಮಾಡಬೇಕು. ಇಂಧನದ ಸ್ವಿಚ್ ಒಂದನ್ನು ಮರೆತದ್ದಕ್ಕೆ ವಿಮಾನದ ಸಮತೋಲವೇ ತಪ್ಪುತ್ತಿತ್ತು. ಎಂಜಿನ್ ವಿಭಾಗ, ಸಮತೋಲದ ವಿಭಾಗ ಅಂತ ಅಧ್ಯಾಯಗಳು ಬೇರೆಯಾಗಿರುವುದು ನಮ್ಮ ಸಿಲಬಸ್‌ನಲ್ಲಿ ಮಾತ್ರ.

ಎತ್ತರಕ್ಕೆ ಹೋದಾಗ

9,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ನೆಲಮಟ್ಟದ ಶೇ. 38ರಷ್ಟು. ನೆಲಮಟ್ಟದಷ್ಟೇ ಇಂಧನ ಕೊಟ್ಟರೆ ಗಾಳಿಗೆ ಹೋಲಿಸಿದಾಗ ಅದು ಎರಡೂವರೆ ಪಟ್ಟು ಹೆಚ್ಚು. ಮೇಲಿನ ಲೆಕ್ಕವನ್ನು ನೆನಪಿಸಿಕೊಳ್ಳಿ, ಕಾಲುಭಾಗ ಹೆಚ್ಚಿದ್ದಕ್ಕೇ 930 ಡಿಗ್ರಿ ಆಗಿತ್ತು! ಹಾಗಾಗಿ ಎತ್ತರಕ್ಕೆ ತಕ್ಕಂತೆ ಇಂಧನ ಇಳಿಯಲೇಬೇಕು.

ಇಂಧನ ತೀರಾ ಇಳಿದಾಗ ಇನ್ನೊಂದು ಸಮಸ್ಯೆ. ನಾಝಲ್‌ನಿಂದ ಇಂಧನ ಮಂಜಿನಂತೆ ಚಿಮ್ಮಲು ಒತ್ತಡ ಬೇಕು. ಹರಿವು ಕಡಿಮೆಯಾದರೆ ಒತ್ತಡ ಬೀಳುತ್ತದೆ, ಮಂಜಿನ ಬದಲು ಹನಿ ತೊಟ್ಟಿಕ್ಕುತ್ತದೆ. ಹನಿ ಸರಿಯಾಗಿ ಉರಿಯೋದಿಲ್ಲ. ಜೊತೆಗೆ ಗಾಳಿ ತಣ್ಣಗೆ, ತೆಳ್ಳಗೆ. ಎತ್ತರದಲ್ಲಿ ಥ್ರಾಟಲನ್ನು ಹೆಚ್ಚು ಹಿಂದಕ್ಕೆ ಎಳೆದ ಪೈಲಟ್‌ಗೆ ಫ್ಲೇಮ್‌ಔಟ್ ಆಗುತ್ತಿದ್ದದ್ದು ಹೀಗೆ. ಆರಿದ ಎಂಜಿನನ್ನು ಅಲ್ಲೇ ಹೊತ್ತಿಸಲು ಹೋಗುವುದು ವ್ಯರ್ಥ. ಕೆಳಗಿನ ದಟ್ಟ ಗಾಳಿಗೆ ಇಳಿದ ಮೇಲೆಯೇ ಮತ್ತೆ ಪ್ರಯತ್ನ. ಅಲ್ಲಿಯವರೆಗೆ ಒಂದು ಪಕ್ಕದ ಎಂಜಿನ್ ಮಾತ್ರ ತಳ್ಳುತ್ತಿರುತ್ತದೆ, ವಿಮಾನ ಸತ್ತ ಎಂಜಿನ್ ಕಡೆಗೆ ತಿರುಗಲು ನೋಡುತ್ತದೆ, ಪೈಲಟ್ ಕಾಲಿನಿಂದ ರಡ್ಡರ್ ಒತ್ತಿ ಹಿಡಿದಿರಬೇಕು.

ಇಳಿಯುವಾಗ

ಎಲ್ಲಕ್ಕಿಂತ ಕಷ್ಟದ ಘಳಿಗೆ ಇದು. ಪ್ರೊಪೆಲರ್ ವಿಮಾನದ ಪೈಲಟ್‌ಗೆ ಒಂದು ಭರವಸೆ ಇರುತ್ತಿತ್ತು: ಲೆಕ್ಕ ತಪ್ಪಿದರೆ ಥ್ರಾಟಲ್ ತಳ್ಳು, ಪ್ರೊಪೆಲರ್ ಕೂಡಲೇ ಗಾಳಿಯನ್ನು ಹಿಡಿಯುತ್ತದೆ, ವಿಮಾನ ಮೇಲೇಳುತ್ತದೆ. ಜೆಟ್‌ನಲ್ಲಿ ಆ ಭರವಸೆ ಇಲ್ಲ. ಇಳಿಯುವ ವೇಗ ಗಂಟೆಗೆ 250 ಕಿ.ಮೀ. ಎಂದಿಟ್ಟುಕೊಳ್ಳಿ, ಸೆಕೆಂಡಿಗೆ ಸುಮಾರು 70 ಮೀಟರ್. ಎಂಜಿನ್ ಚೇತರಿಸಿಕೊಳ್ಳಲು 10 ಸೆಕೆಂಡ್ ಹಿಡಿದರೆ ಅಷ್ಟರಲ್ಲಿ 700 ಮೀಟರ್ ದಾಟಿಯಾಯಿತು. ಆ 700 ಮೀಟರಿನ ಉದ್ದಕ್ಕೂ ವಿಮಾನ ಕೆಳಗೆ ಇಳಿಯುತ್ತಲೇ ಇರುತ್ತದೆ.

ಆದ್ದರಿಂದ ಇಳಿಯುವಾಗ ಎಂಜಿನನ್ನು ಸುಮಾರು 6,000 ಸುತ್ತಿಗಿಂತ ಕೆಳಗೆ ಬಿಡದೆ, ರನ್‌ವೇ ಖಂಡಿತ ಸಿಕ್ಕಿತು ಅನ್ನುವವರೆಗೆ ಕಾಯುವುದು ಸರಿಯಾದ ಕ್ರಮ. ವೇಗವನ್ನು ಥ್ರಾಟಲ್‌ಗಿಂತ ಹೆಚ್ಚಾಗಿ ಚಕ್ರ ಮತ್ತು ಫ್ಲಾಪ್ ಇಳಿಸಿ ಕಡಿಮೆ ಮಾಡಿಕೊಳ್ಳಬೇಕು. ಮತ್ತೆ ಮೇಲೇಳುವ ನಿರ್ಧಾರವನ್ನು ಬಹಳ ಮೊದಲೇ ತೆಗೆದುಕೊಳ್ಳಬೇಕು.

ಎದುರಾಳಿಗಳು ಇದನ್ನು ಬೇಗ ಅರಿತರು. ಆಕಾಶದಲ್ಲಿ ಮೆಸರ್‌ಶ್ಮಿಟ್ 262ರ ಬೆನ್ನು ಹತ್ತುವುದು ಅವರಿಂದಾಗದು. ಹಾಗಾಗಿ ಅದು ಇಳಿಯುವ ಜಾಗದಲ್ಲೇ ಹೊಂಚು ಹಾಕಿದರು. ಇಳಿಯುತ್ತಿರುವ ಜೆಟ್ ಥಟ್ಟನೆ ವೇಗ ಹೆಚ್ಚಿಸಿ ಪಾರಾಗಲಾರದು. ಕೊನೆಗೆ ಇಷ್ಟು ವೇಗದ ಯುದ್ಧವಿಮಾನವನ್ನು ಕಾಯಲು ಜರ್ಮನ್ನರು ಪ್ರೊಪೆಲರಿನ ಫೋಕ್‌ವುಲ್ಫ್ 190 ವಿಮಾನಗಳನ್ನೇ ಕಾವಲಿಗೆ ಇಡಬೇಕಾಯಿತು. ನಮ್ಮ ರಸ್ತೆ ಬದಿಯ ಬೋರ್ಡಿನಲ್ಲಿ ಬರೆದಿರುತ್ತಾರಲ್ಲ, ಅವಸರವೇ ಅಪಘಾತಕ್ಕೆ ಕಾರಣ. ಇಲ್ಲಿ ಅವಸರ ಮಾಡಲು ಬರದಿದ್ದದ್ದೇ ಅಪಾಯಕ್ಕೆ ಕಾರಣ, ಮಾಡಿದರೆ ಇನ್ನೂ ಅಪಾಯ.

ಕೈಯಿಂದ ಪೆಟ್ಟಿಗೆಗೆ

ಯುದ್ಧದ ನಂತರದ ಎಂಜಿನಿಯರುಗಳು ಪೈಲಟ್‌ನ ಮಣಿಕಟ್ಟಿನ ಜಾಣತನವನ್ನು ಸ್ವಲ್ಪ ಸ್ವಲ್ಪವಾಗಿ ಯಂತ್ರಕ್ಕೆ ಕಲಿಸಿದರು. ಎತ್ತರ ನೋಡಿ ಇಂಧನ ಇಳಿಸುವ ಒತ್ತಡದ ಕ್ಯಾಪ್ಸೂಲ್‌ಗಳು ಪಳಗಿದವು. ಥ್ರಾಟಲ್ ಎಷ್ಟೇ ಬೇಗ ತಳ್ಳಿದರೂ ಗಾಳಿ ತಾಳುವಷ್ಟೇ ಇಂಧನ ಬಿಡುವ ಆಕ್ಸಿಲರೇಶನ್ ನಿಯಂತ್ರಕಗಳು ಬಂದವು. ಕಾಂಕಾರ್ಡ್‌ನ ಒಲಿಂಪಸ್ ಎಂಜಿನ್‌ಗೆ ಎಲೆಕ್ಟ್ರಾನಿಕ್ ನಿಯಂತ್ರಣ ಬಂತು. 1980ರ ದಶಕದಲ್ಲಿ ಪ್ರಯಾಣಿಕ ವಿಮಾನಗಳಿಗೂ ಪೂರ್ತಿ ಡಿಜಿಟಲ್ ನಿಯಂತ್ರಣ ಬಂತು, ಅದಕ್ಕೆ ಫೇಡೆಕ್ ಎಂಬ ಹೆಸರು. ಇವತ್ತು ಪೈಲಟ್ ಲಿವರ್ ತಳ್ಳಿದರೆ ಅದು ಇಂಧನದ ಆಜ್ಞೆಯಲ್ಲ, ಬರೀ ಒಂದು ಕೋರಿಕೆ. ಎಷ್ಟು ಇಂಧನ, ಎಷ್ಟು ಬೇಗ ಎಂದು ತೀರ್ಮಾನಿಸುವುದು ಕಂಪ್ಯೂಟರ್.

ಈ ದಾರಿಯ ಒಂದು ತುಣುಕು ನಮ್ಮ ಬೆಂಗಳೂರಿನಲ್ಲೂ ಇದೆ. 1950ರ ದಶಕದಲ್ಲಿ ಇಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಬ್ರಿಟನ್ನಿನ ವ್ಯಾಂಪೈರ್ ಜೆಟ್‌ಗಳನ್ನು ಪರವಾನಗಿಯ ಮೇಲೆ ತಯಾರಿಸಿತು. ಅದೂ ಮೊದಲ ಪೀಳಿಗೆಯ ಜೆಟ್ಟೇ. ಮುಂದೆ ಸಿ.ವಿ. ರಾಮನ್ ನಗರದ ಜಿಟಿಆರ್‌ಇ ಸಂಸ್ಥೆಯ ಕಾವೇರಿ ಎಂಜಿನ್‌ಗೆ ಸ್ವಂತ ಡಿಜಿಟಲ್ ನಿಯಂತ್ರಣ ಪೆಟ್ಟಿಗೆ ರೂಪುಗೊಂಡಿತು. ಅದರ ಪ್ರೋಗ್ರಾಮಿನ ತಿರುಳಿನಲ್ಲಿ ಇರುವುದೂ ಇದೇ ಹಳೆಯ ಪ್ರಶ್ನೆ: ಈ ಕ್ಷಣದ ಗಾಳಿಗೆ ಎಷ್ಟು ಇಂಧನ ಸರಿ?

ನಮ್ಮಲ್ಲಿ ಕೆಲವರು ಮೆಕ್ಯಾನಿಕಲ್, ಕೆಲವರು ಎಲೆಕ್ಟ್ರಾನಿಕ್ಸ್, ಕೆಲವರು ಕಂಪ್ಯೂಟರ್ ಸೈನ್ಸ್. ಈ ಒಂದು ಲಿವರಿನ ಕಥೆಯಲ್ಲಿ ಎಲ್ಲರ ಪಾಠವೂ ಇದೆ. ಮುಂದಿನ ಸಲ ಬ್ರೇಟನ್ ಸೈಕಲ್ ಬರೆಯುವಾಗ ಎರಡನೇ ಬಿಂದುವಿನಿಂದ ಮೂರನೇ ಬಿಂದುವಿಗೆ ಗೆರೆ ಎಳೆಯುತ್ತೀರಲ್ಲ, ಆ ಗೆರೆಯನ್ನು ಒಬ್ಬ ಮನುಷ್ಯ ಕೈಯಿಂದ ಎಳೆಯುತ್ತಿದ್ದ ಕಾಲವಿತ್ತು ಎಂದು ನೆನಪಿಡಿ.

ನೀವೇ ಮಾಡಿ ನೋಡಿ

1. ಗಾಳಿ ಸೆಕೆಂಡಿಗೆ 21 ಕೆ.ಜಿ. ಇರುವಾಗಲೇ ಇಂಧನ ಶೇ. 10ರಷ್ಟು ಹೆಚ್ಚಾದರೆ ಟರ್ಬೈನ್ ಬಾಗಿಲಿನ ಉಷ್ಣತೆ ಎಷ್ಟು? (ಉತ್ತರ: ಸುಮಾರು 837 ಡಿಗ್ರಿ.)

2. ಆರರ ಬದಲು ಎಂಟು ದಹನ ಕೋಣೆಗಳಿದ್ದು, ಬ್ಲೇಡ್‌ನ ಸಹಜ ಕಂಪನ ಸೆಕೆಂಡಿಗೆ 900 ಇದ್ದರೆ ಯಾವ ವೇಗದಲ್ಲಿ ಅನುರಣನ ಬರುತ್ತದೆ? (ಉತ್ತರ: ನಿಮಿಷಕ್ಕೆ 6,750 ಸುತ್ತು.) ಆ ಉತ್ತರ ಪೈಲಟ್‌ಗೆ ಯಾಕೆ ಇನ್ನೂ ಕೆಟ್ಟ ಸುದ್ದಿ? ಇಳಿಯುವಾಗ ಎಂಜಿನ್ ಯಾವ ವೇಗದ ಸುತ್ತಮುತ್ತ ಇರಬೇಕಿತ್ತು ಎಂದು ಮತ್ತೊಮ್ಮೆ ನೋಡಿ.

3. ಬಾಲದ ಟ್ಯಾಂಕಿನಲ್ಲಿ 240 ಲೀಟರ್ ಉಳಿದಿರುವಾಗ ಎರಡೂ ಬಾಂಬ್ ಬಿಟ್ಟರೆ, ಎದುರು ತೂಕವಿಲ್ಲದೆ ಹಿಂದೆ ಉಳಿಯುವ ಭಾರ ಎಷ್ಟು? (ಉತ್ತರ: ಸುಮಾರು 200 ಕೆ.ಜಿ.)